ತಂಪು ಹೊತ್ತಿನ ಬಿಸಿಲು: ಹೂವಿನ ವ್ಯಾಪಾರಿಯೊಬ್ಬರ ಬಂಗಿನ ಪ್ರಕರಣ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಅಡ್ಡರಸ್ತೆಯಲ್ಲಿ ಹೂವು ಮಾರುವ, ನಲವತ್ತು ದಾಟಿದ ಮಹಿಳೆಯೊಬ್ಬರು ಮುಖದ ಮೇಲಿನ ಬಂಗಿಗೆ ಔಷಧ ಬೇಕೆಂದು ನನ್ನ ಚಿಕಿತ್ಸಾಲಯಕ್ಕೆ ಬಂದದ್ದು ಜುಲೈ ತಿಂಗಳಿನಲ್ಲಿ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ; ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಎರಡೂ ಕೆನ್ನೆಗಳ ಮೂಳೆಯ ಮೇಲೆ, ಹಣೆಯ ನಡುವೆ ಮತ್ತು ಮೇಲ್ದುಟಿಯ ಮೇಲ್ಭಾಗದಲ್ಲಿ ಅಂಚು ಅಂಕುಡೊಂಕಾದ ಕಂದು ಕಲೆಗಳು ಹರಡಿದ್ದವು. ಬಂಗು ಸಾಮಾನ್ಯವಾಗಿ ಮುಖದ ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತದೆ. ಇವರಲ್ಲಿ ಮಾತ್ರ ಬಲಗೆನ್ನೆಯ ಕಲೆ ಎಡಗೆನ್ನೆಯದಕ್ಕಿಂತ ಎದ್ದು ಕಾಣುವಷ್ಟು ದಟ್ಟವಾಗಿತ್ತು. ಇದರ ಜೊತೆಗೆ ಕೆನ್ನೆಗಳು ಕೆಂಪೇರಿದ್ದವು, ಚರ್ಮ ತೆಳುವಾಗಿ ಸಣ್ಣ ರಕ್ತನಾಳಗಳು ಕಾಣುತ್ತಿದ್ದವು, ಅಲ್ಲಲ್ಲಿ ಗುಳ್ಳೆಗಳೂ ಎಳೆಗೂದಲೂ ಮೂಡಿದ್ದವು. ನೀರು ತಾಕಿದರೂ ಮುಖ ಉರಿಯುತ್ತದೆ ಎಂಬುದು ಅವರ ಮುಖ್ಯ ದೂರಾಗಿತ್ತು.

ಬಂಗು ಮೊದಲು ಕಾಣಿಸಿಕೊಂಡದ್ದು ಎರಡನೆಯ ಬಸಿರಿನಲ್ಲಿ. ಅದು ಅಸಹಜವಲ್ಲ. ಬಸಿರಿನ ಹಾರ್ಮೋನುಗಳು, ಗರ್ಭನಿರೋಧಕ ಮಾತ್ರೆಗಳು, ಮನೆತನದ ಪ್ರವೃತ್ತಿ ಇವೆಲ್ಲ ಬಂಗಿಗೆ ನೆಲ ಹದ ಮಾಡುತ್ತವೆ. ಇವರು ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ, ಥೈರಾಯ್ಡ್ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ, ತಾಯಿಗೂ ಇದೇ ಕಲೆ ಇತ್ತಂತೆ. ಮಗು ಹುಟ್ಟಿದ ಮೇಲೆ ತಿಳಿಯಾಗಿದ್ದ ಕಲೆ, ಗಂಡನ ಆರೋಗ್ಯ ಕೆಟ್ಟು ಇವರೇ ಹೂವಿನ ವ್ಯಾಪಾರಕ್ಕೆ ಇಳಿದ ಮೇಲೆ ಮರಳಿತು. ಬಿಸಿಲಿನ ಪಾತ್ರದ ಬಗ್ಗೆ ನಾನು ಕೇಳಿದಾಗ ಅವರು ಖಚಿತವಾಗಿ ತಲೆಯಾಡಿಸಿದರು. "ಬಿಸಿಲಿಗೂ ಇದಕ್ಕೂ ಸಂಬಂಧ ಇಲ್ಲ ಮೇಡಮ್. ಚಳಿಗಾಲದಿಂದ ಮಾರ್ಚ್‌ವರೆಗೂ ತಿಳಿಯಾಗೇ ಇರುತ್ತೆ. ಮಳೆ ಶುರುವಾಗಿ ತಂಪಾದ ಮೇಲೇ ಜಾಸ್ತಿ ಆಗೋದು" ಎಂದರು. ರೋಗಿ ತನ್ನ ದೇಹವನ್ನು ವರ್ಷಗಟ್ಟಲೆ ಗಮನಿಸಿ ಹೇಳುವ ಮಾತನ್ನು ಅವಸರದಲ್ಲಿ ತಳ್ಳಿಹಾಕಬಾರದು ಎಂಬುದು ನನ್ನ ನಂಬಿಕೆ. ಅವರ ಗಮನಿಕೆ ಸರಿಯಾಗಿಯೇ ಇತ್ತು. ಅದರಿಂದ ಅವರು ತೆಗೆದ ತೀರ್ಮಾನ ಮಾತ್ರ ಬೇರೆಯಾಗಬೇಕಿತ್ತು. ಬಲಗೆನ್ನೆ ಏಕೆ ಹೆಚ್ಚು ಕಪ್ಪಾಯಿತು ಎಂಬ ಪ್ರಶ್ನೆಗೂ, ತಂಪಿನ ತಿಂಗಳುಗಳಲ್ಲಿ ಕಲೆ ಏಕೆ ಹೆಚ್ಚುತ್ತದೆ ಎಂಬ ಪ್ರಶ್ನೆಗೂ ಒಂದೇ ಕಡೆ ಉತ್ತರ ಸಿಕ್ಕಿತು. ಅದಕ್ಕೆ ಬರುವ ಮೊದಲು ಕೆಂಪಿನ ಮತ್ತು ಉರಿಯ ಕಾರಣವನ್ನು ಹೇಳಬೇಕು.

ಕಲೆ ಹೋಗಲೆಂದು ಅವರು ಮೊದಲು ನಿಂಬೆಹಣ್ಣಿನ ರಸಕ್ಕೆ ಕಡಲೆಹಿಟ್ಟು ಕಲಸಿ ಹಚ್ಚಿಕೊಂಡಿದ್ದರು. ನಿಂಬೆಯ ಜಾತಿಯ ಹಣ್ಣುಗಳಲ್ಲಿ, ಮುಖ್ಯವಾಗಿ ಸಿಪ್ಪೆಯಲ್ಲಿ, ಬಿಸಿಲಿನ ನೇರಳಾತೀತ ಕಿರಣ ತಾಗಿದಾಗ ಚರ್ಮವನ್ನು ಸುಡುವ ರಾಸಾಯನಿಕಗಳಿವೆ. ಹಚ್ಚಿಕೊಂಡು ಹೊರಗೆ ಹೋದರೆ ಕಲೆ ಹೋಗುವ ಬದಲು ಹೊಸ ಕಪ್ಪು ಮೂಡುತ್ತದೆ. ಆಮೇಲೆ ಸಂಬಂಧಿಯೊಬ್ಬರು ಹೇಳಿದ ಕ್ರೀಮೊಂದನ್ನು ಔಷಧದಂಗಡಿಯಿಂದ ಚೀಟಿಯಿಲ್ಲದೆ ತಂದು ಹಚ್ಚತೊಡಗಿದರು. ಅದರಲ್ಲಿದ್ದದ್ದು ಪ್ರಬಲ ಸ್ಟೀರಾಯ್ಡ್. ಮೊದಲ ಕೆಲವು ವಾರ ಮುಖ ಬೆಳ್ಳಗಾಗಿ ಕಂಡಿತು. ಬಿಟ್ಟರೆ ಉರಿ, ಕೆಂಪು. ಉರಿ ತಾಳದೆ ಮತ್ತೆ ಅದೇ ಕ್ರೀಮು. ಹೀಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆದಿತ್ತು. ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ವೈದ್ಯರ ಚೀಟಿ ಕಡ್ಡಾಯವಾದ ಔಷಧಗಳ ಪಟ್ಟಿಗೆ ಸೇರಿಸಿದೆ. ಹಾಗಿದ್ದರೂ ಬೆಳ್ಳಗಾಗುವ ಕ್ರೀಮ್ ಎಂಬ ಹೆಸರಿನಲ್ಲಿ ಇವು ಇಂದಿಗೂ ಕೈಯಿಂದ ಕೈಗೆ ದಾಟುತ್ತಿರುವುದು ನನ್ನಂಥವರಿಗೆ ದಿನನಿತ್ಯದ ನೋವಿನ ವಿಷಯ. ಸ್ಟೀರಾಯ್ಡ್‌ನಿಂದ ತೆಳುವಾದ ಚರ್ಮ ಬಿಸಿಲನ್ನು ಇನ್ನೂ ಕಡಿಮೆ ತಾಳುತ್ತದೆ. ಹೀಗೆ ಕಲೆಗೆಂದು ಹಚ್ಚಿದ ಮದ್ದೇ ಕಲೆಯ ದಾರಿಯನ್ನು ಸುಗಮ ಮಾಡಿತ್ತು.

ಈಗ ಬಿಸಿಲಿನ ವಿಷಯ. ಬೆಂಗಳೂರಿನವರು ಬಿಸಿಲನ್ನು ಅಳೆಯುವುದು ಬೆವರಿನಿಂದ. ಮೈ ಬೆವರಿದರೆ ಬಿಸಿಲು ಜೋರು, ಗಾಳಿ ತಂಪಾಗಿದ್ದರೆ ಬಿಸಿಲಿಲ್ಲ ಎಂಬ ಲೆಕ್ಕ. ಆದರೆ ಚರ್ಮವನ್ನು ಕೆಡಿಸುವುದು ಶಾಖಕ್ಕಿಂತ ಹೆಚ್ಚಾಗಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳು. ಅವುಗಳ ತೀವ್ರತೆ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂಬುದನ್ನು ಅವಲಂಬಿಸಿದೆ, ಗಾಳಿಯ ಉಷ್ಣಾಂಶವನ್ನಲ್ಲ. ಈ ಊರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ, ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಪ್ರತಿ ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣಗಳ ತೀವ್ರತೆ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ. ಅಂದರೆ ನಮ್ಮನ್ನು ತಂಪಾಗಿಡುವ ಎತ್ತರವೇ ಈ ಕಿರಣಗಳನ್ನು ತುಸು ಹೆಚ್ಚಿಸುತ್ತದೆ. ಈ ಕಿರಣಗಳ ತೀವ್ರತೆಯನ್ನು ಅಂಕಿಯಲ್ಲಿ ಹೇಳುವ ಯುವಿ (ನೇರಳಾತೀತ) ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಾದರೆ ರಕ್ಷಣೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನಲ್ಲಿ ಬೇಸಿಗೆಯ ತಿಳಿ ಆಕಾಶದ ನಡುಹಗಲಲ್ಲಿ ಅದು 11ನ್ನು ಮುಟ್ಟುತ್ತದೆ, ಡಿಸೆಂಬರಿನ ನಡುಹಗಲಲ್ಲೂ 3ಕ್ಕಿಂತ ಸಾಕಷ್ಟು ಮೇಲೇ ಇರುತ್ತದೆ. ಜೂನ್, ಜುಲೈ ತಿಂಗಳ ತೆಳುಮೋಡ ಶಾಖವನ್ನು ಬಹುಮಟ್ಟಿಗೆ ತಡೆದರೂ ಈ ಕಿರಣಗಳ ದೊಡ್ಡ ಪಾಲನ್ನು ಕೆಳಗೆ ಬಿಡುತ್ತದೆ. ಇವುಗಳಲ್ಲಿ ಯುವಿ-ಬಿ ಮುಖ್ಯವಾಗಿ ಚರ್ಮವನ್ನು ಸುಡುತ್ತದೆ. ಯುವಿ-ಎ ಇನ್ನೂ ಆಳಕ್ಕಿಳಿದು ಕಪ್ಪನ್ನೂ ಸುಕ್ಕನ್ನೂ ತರುತ್ತದೆ, ಕಿಟಕಿಯ ಗಾಜನ್ನೂ ದಾಟುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕಿನ ನೀಲಿ ಭಾಗವೂ ಕಪ್ಪು ಕೂಡಿಸುತ್ತದೆ ಎಂಬುದು ಬಂಗಿನ ಮಟ್ಟಿಗೆ ಬಹಳ ಮುಖ್ಯ.

ಇಷ್ಟನ್ನು ಹೇಳಿದರೂ ಬಲಗೆನ್ನೆಯ ಪ್ರಶ್ನೆ ಬಗೆಹರಿಯುವುದಿಲ್ಲ. ಅದಕ್ಕಾಗಿ ಅವರು ಕೂರುವ ಜಾಗವನ್ನು ಕಾಗದದ ಮೇಲೆ ಬರೆದು ತೋರಿಸಲು ಕೇಳಿದೆ; ಆಮೇಲೆ ಒಂದು ಬೆಳಿಗ್ಗೆ ಹೋಗಿ ನೋಡಿಯೂ ಬಂದೆ. ಬೆಳಕು ಹರಿಯುವ ಮೊದಲೇ ಕೆ.ಆರ್. ಮಾರುಕಟ್ಟೆಯಿಂದ ಸೇವಂತಿಗೆ, ಕಾಕಡ, ಕನಕಾಂಬರ ತಂದು, ಏಳು ಗಂಟೆಗೆ ಅಂಗಡಿ ಹಾಕಿದರೆ ಮಧ್ಯಾಹ್ನ ಒಂದರವರೆಗೆ ವ್ಯಾಪಾರ. ರಸ್ತೆ ಪೂರ್ವ ಪಶ್ಚಿಮವಾಗಿ ಹೋಗುತ್ತದೆ. ಅದರ ದಕ್ಷಿಣದ ಅಂಚಿನಲ್ಲಿ, ಎರಡಂತಸ್ತಿನ ಕಟ್ಟಡವೊಂದರ ಗೋಡೆಗೆ ಬೆನ್ನು ಕೊಟ್ಟು, ಅವರು ಉತ್ತರಕ್ಕೆ ಮುಖ ಮಾಡಿ ಕೂರುತ್ತಾರೆ. ತಲೆಯ ಮೇಲೆ ನೀಲಿ ಟಾರ್ಪಾಲಿನ್ ಇದೆ. ಸೆರಗನ್ನು ತಲೆಯ ಮೇಲೆ ಹೊದ್ದಿರುತ್ತಾರೆ. ನೋಡಿದ ಯಾರಿಗಾದರೂ ಇದು ನೆರಳಿನ ಜಾಗವೆಂದೇ ಅನ್ನಿಸುತ್ತದೆ. ವರ್ಷದ ಎಂಟು ತಿಂಗಳು ಹೆಚ್ಚುಕಡಿಮೆ ಅದು ನಿಜವೂ ಹೌದು.

ಉಳಿದ ನಾಲ್ಕು ತಿಂಗಳಲ್ಲಿ ಆಗುವುದೇ ಬೇರೆ. ಬೆಂಗಳೂರಿನಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ನಡುಹಗಲಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿಗೆ ಆ ಕ್ಷಣದಲ್ಲಿ ನೆರಳೇ ಬೀಳದ ಆ ದಿನವನ್ನು ಶಾಲಾ ಮಕ್ಕಳು ಶೂನ್ಯ ನೆರಳಿನ ದಿನವೆಂದು ಗಮನಿಸುವುದುಂಟು. ಈ ಎರಡು ದಿನಗಳ ನಡುವಿನ ಅವಧಿಯುದ್ದಕ್ಕೂ ಸೂರ್ಯ ನಮ್ಮ ಊರಿನ ಆಕಾಶದಲ್ಲಿ ಬೆಳಗಿನಿಂದ ಸಂಜೆಯವರೆಗೆ ಉತ್ತರದ ಭಾಗದಲ್ಲೇ ಸಾಗುತ್ತಾನೆ. ದಕ್ಷಿಣದ ಗೋಡೆ ಆಗ ಇವರಿಗೆ ಒಂದಿಷ್ಟೂ ನೆರಳು ಕೊಡುವುದಿಲ್ಲ. ನಡುಹಗಲಿನ ಬಿಸಿಲನ್ನು ಟಾರ್ಪಾಲಿನ್ ತಡೆಯುತ್ತದೆ, ನಿಜ. ಆದರೆ ಜೂನ್ ತಿಂಗಳ ಒಂಬತ್ತೂವರೆಗೆ ಸೂರ್ಯ ಪೂರ್ವದಿಂದ ತುಸು ಉತ್ತರಕ್ಕೆ, ದಿಗಂತಕ್ಕೂ ನೆತ್ತಿಗೂ ನಡುವಿನ ಎತ್ತರದಲ್ಲಿರುತ್ತಾನೆ. ಬೆಳಕು ಟಾರ್ಪಾಲಿನ ಕೆಳಗಿನಿಂದ ಓರೆಯಾಗಿ ನುಗ್ಗುತ್ತದೆ. ಉತ್ತರಕ್ಕೆ ಮುಖ ಮಾಡಿ ಕೂತವರಿಗೆ ಪೂರ್ವವೆಂದರೆ ಬಲಗಡೆ. ಹೂವು ಕಟ್ಟುವಾಗ ಬಗ್ಗಿದ ಮುಖದ ಬಲಗೆನ್ನೆಯ ಮೂಳೆ ಆ ಬೆಳಕಿಗೆ ಎದುರಾಗಿ ಗಂಟೆಗಟ್ಟಲೆ ನಿಲ್ಲುತ್ತದೆ. ಮಧ್ಯಾಹ್ನ ಒಂದರ ನಂತರ ಸೂರ್ಯ ಎಡಕ್ಕೆ ವಾಲುವ ಹೊತ್ತಿಗೆ ಅವರು ಮನೆಗೆ ಹೋಗಿರುತ್ತಾರೆ. ಎಡಗೆನ್ನೆ ಉಳಿದುಕೊಂಡದ್ದು ಹೀಗೆ. ಮಾರ್ಚ್ ತಿಂಗಳ ಸುಡುಬಿಸಿಲಲ್ಲಿ ಗೋಡೆ ಇವರನ್ನು ಕಾಯುತ್ತಿತ್ತು, ಜುಲೈನ ತಂಪಿನಲ್ಲಿ ಕಾಯುತ್ತಿರಲಿಲ್ಲ. ಅವರು ಹೇಳಿದ ಋತುವಿನ ಲೆಕ್ಕ ಅಕ್ಷರಶಃ ಸರಿಯಾಗಿತ್ತು.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. "ಬಿಸಿಲಿಗೆ ಹೋಗಬೇಡಿ, ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ" ಎಂಬ ಎರಡು ವಾಕ್ಯದ ಸಲಹೆಯಿಂದ ಇಂಥವರಿಗೆ ಏನೂ ಸಿಗುವುದಿಲ್ಲ. ಬಿಸಿಲು ಯಾವ ತಿಂಗಳು, ಯಾವ ಹೊತ್ತು, ಯಾವ ದಿಕ್ಕಿನಿಂದ, ಎಷ್ಟು ಹೊತ್ತು ಮುಖಕ್ಕೆ ಬೀಳುತ್ತದೆ ಎಂದು ತಿಳಿಯದೆ ಚೀಟಿ ಬರೆದರೆ ಅದು ಅರ್ಧ ಚಿಕಿತ್ಸೆ. ಕಚೇರಿಯ ಗಾಜಿನ ಗೋಡೆಯ ಪಕ್ಕ ಕೂರುವವರಿಗೂ, ದಿನಾ ಹೊರವರ್ತುಲ ರಸ್ತೆಯಲ್ಲಿ ಒಂದೇ ದಿಕ್ಕಿಗೆ ಸ್ಕೂಟರ್ ಓಡಿಸುವವರಿಗೂ ಈ ಪ್ರಶ್ನೆಗಳನ್ನು ಕೇಳಿದರೆ ಬೇರೆ ಬೇರೆ ಉತ್ತರಗಳು ಬರುತ್ತವೆ.

ಚಿಕಿತ್ಸೆಯ ಮೊದಲ ಹೆಜ್ಜೆ ಆ ಕ್ರೀಮನ್ನು ಬಿಡಿಸುವುದಾಗಿತ್ತು. ಥಟ್ಟನೆ ನಿಲ್ಲಿಸಿದರೆ ಉರಿ ಹೆಚ್ಚುವುದರಿಂದ ಹಂತಹಂತವಾಗಿ ಇಳಿಸಿ, ಸೋಪಿನ ಬದಲು ಸೌಮ್ಯವಾದ ಕ್ಲೆನ್ಸರ್ ಮತ್ತು ಸಾದಾ ಮಾಯಿಶ್ಚರೈಸರ್ ಕೊಟ್ಟು, ಗುಳ್ಳೆಗಳಿಗೆ ಬೇಕಾದ ಔಷಧ ಬರೆದೆ. ಈ ಅವಧಿಯಲ್ಲಿ ಬಂಗಿಗೆಂದೇ ಯಾವ ಔಷಧವನ್ನೂ ಕೊಡಲಿಲ್ಲ. ಕೆರಳಿದ ಚರ್ಮಕ್ಕೆ ಕಲೆ ತಿಳಿಗೊಳಿಸುವ ಮದ್ದು ಹಚ್ಚಿದರೆ ಉರಿಯೂ ಕಪ್ಪೂ ಹೆಚ್ಚುತ್ತವೆ. ಮುಖ ಶಾಂತವಾಗಲು ಸುಮಾರು ಮೂರು ತಿಂಗಳು ಬೇಕಾಯಿತು. ಅಷ್ಟೂ ದಿನ ಅವರು ಕ್ರೀಮಿಗೆ ಮರಳದೆ ತಾಳಿಕೊಂಡದ್ದು ಈ ಪ್ರಕರಣದಲ್ಲಿ ನಾನು ಅತ್ಯಂತ ಗೌರವಿಸುವ ಸಂಗತಿ. ಆಮೇಲೆ ಕಲೆ ತಿಳಿಗೊಳಿಸುವ ಅಜೆಲಾಯಿಕ್ ಆಮ್ಲದ ಕ್ರೀಮನ್ನು ಆರಂಭಿಸಿದೆ. ಇದೇ ಕೆಲಸದ ಇನ್ನೊಂದು ಔಷಧವಾದ ಹೈಡ್ರೊಕ್ವಿನೋನ್ ಬೇಗ ಕೆಲಸ ಮಾಡುತ್ತದಾದರೂ, ವೈದ್ಯರ ಕಣ್ಣಿನಿಂದ ದೂರವಾಗಿ ಬಹುಕಾಲ ಬಳಸಿದರೆ ಚರ್ಮದಲ್ಲಿ ಹೋಗದಂಥ ನೀಲಿಗಪ್ಪು ಬಣ್ಣವನ್ನು ಬಿಡಬಲ್ಲದು. ಹಿಂದೊಮ್ಮೆ ಚೀಟಿಯಿಲ್ಲದೆ ಔಷಧ ಹಚ್ಚಿದ ಮನೆಯಲ್ಲಿ ಅದನ್ನು ಇಡಲು ನನಗೆ ಧೈರ್ಯವಾಗಲಿಲ್ಲ.

ನೆರಳಿನ ಏರ್ಪಾಡಿಗೆ ನಾನು ಮೊದಲು ಸೂಚಿಸಿದ್ದು ಖರ್ಚಿಲ್ಲದ ಉಪಾಯ: ಕೂರುವ ಹಲಗೆಯನ್ನು ತಿರುಗಿಸಿ ಪಶ್ಚಿಮಕ್ಕೆ ಮುಖ ಮಾಡಿದರೆ ಬೆಳಗಿನ ಬಿಸಿಲೆಲ್ಲ ಬೆನ್ನಿಗೆ ಹೋಗುತ್ತದೆ. ಅವರು ಒಪ್ಪಲಿಲ್ಲ. "ಉತ್ತರ ಕುಬೇರನ ದಿಕ್ಕಲ್ವಾ ಮೇಡಮ್, ಅದಕ್ಕೆ ಬೆನ್ನೋ ಪಕ್ಕೆಯೋ ಕೊಟ್ಟು ವ್ಯಾಪಾರಕ್ಕೆ ಕೂರೋಕಾಗುತ್ತಾ?" ಎಂದರು. ಎದುರು ಬದಿಯ ಕಾಲುದಾರಿಗೆ ಹೋಗುವುದೂ ಆಗದ ಮಾತು. ಬೀದಿ ವ್ಯಾಪಾರಿಗೆ ಜಾಗವೆಂದರೆ ವರ್ಷಗಳ ಗಿರಾಕಿ, ಪಕ್ಕದವರ ಜೊತೆಗಿನ ಒಪ್ಪಂದ, ಕೈಯಲ್ಲಿರುವ ಗುರುತಿನ ಚೀಟಿ ಎಲ್ಲವೂ ಸೇರಿದ್ದು. ನಂಬಿಕೆಯನ್ನು ವಾದದಿಂದ ಕದಲಿಸುವ ಬದಲು ಬೆಳಕನ್ನು ತಡೆಯುವ ಬೇರೆ ದಾರಿ ಹುಡುಕಿದೆವು. ನರ್ಸರಿಗಳಲ್ಲಿ ಗಿಡಗಳ ಮೇಲೆ ಕಟ್ಟುವ ಹಸಿರು ಶೇಡ್ ನೆಟ್, ಅದರಲ್ಲೂ ದಟ್ಟ ನೇಯ್ಗೆಯದು, ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅದನ್ನು ಎರಡು ಮಡಿಕೆ ಮಾಡಿ ಬಲಗಡೆಯ ಕೋಲಿನಿಂದ ಮುಂದಕ್ಕೆ ಚಾಚಿದಂತೆ ಇಳಿಬಿಟ್ಟರು. ಎದುರಿನಿಂದ ಬರುವ ಗಿರಾಕಿಗೆ ಹೂವು ಕಾಣುತ್ತದೆ, ಪೂರ್ವದ ಬೆಳಕು ಮುಖಕ್ಕೆ ತಾಗುವುದಿಲ್ಲ, ಹೂವೂ ಬೇಗ ಬಾಡುವುದಿಲ್ಲ. ಹೂವು ಬಾಡದಿರುವುದೇ ಪಕ್ಕದ ವ್ಯಾಪಾರಿಗಳೂ ಅದನ್ನು ಕಟ್ಟಿಕೊಳ್ಳಲು ಕಾರಣವಾಯಿತು.

ಮಾರುಕಟ್ಟೆಗೆ ಮತ್ತು ಮನೆಗೆ ನಡೆಯುವಾಗ ಕಪ್ಪು ಛತ್ರಿ ಹಿಡಿಯಲು ಹೇಳಿದೆ. ನಮ್ಮ ಊರಿನಲ್ಲಿ ಛತ್ರಿ ಹೊರಬರುವುದು ಮಳೆಗೆ ಮಾತ್ರ, ಆದರೆ ದಟ್ಟ ಕಪ್ಪು ಬಟ್ಟೆಯ ಛತ್ರಿ ಮೇಲಿನಿಂದ ಬರುವ ನೇರಳಾತೀತ ಕಿರಣಗಳಲ್ಲಿ ಶೇಕಡಾ 90ಕ್ಕೂ ಹೆಚ್ಚನ್ನು ತಡೆಯುತ್ತದೆ. ಬಟ್ಟೆಯ ಆಯ್ಕೆಯಲ್ಲೂ ಇದೇ ತತ್ವ: ತೆಳುವಾದ ಬಿಳಿ ಹತ್ತಿ, ಅದರಲ್ಲೂ ಒದ್ದೆಯಾದದ್ದು, ಹೆಚ್ಚೇನೂ ತಡೆಯುವುದಿಲ್ಲ, ಒತ್ತಾದ ನೇಯ್ಗೆಯ ಗಾಢ ಬಣ್ಣದ ಬಟ್ಟೆ ಚೆನ್ನಾಗಿ ತಡೆಯುತ್ತದೆ. ಹೂವಿಗೆ ನೀರು ಚಿಮುಕಿಸುತ್ತ ಒದ್ದೆಯಾದ ತೆಳು ಸೆರಗನ್ನೇ ತಲೆಗೆ ಹೊದ್ದುಕೊಳ್ಳುತ್ತಿದ್ದವರು ಒಂದು ದಪ್ಪ ಹತ್ತಿಯ ವಸ್ತ್ರ ಇಟ್ಟುಕೊಂಡರು. ಮೊಬೈಲಿನಲ್ಲಿ ಯುವಿ ಸೂಚ್ಯಂಕ ನೋಡುವ ರೂಢಿ ಅವರಿಗಿಲ್ಲ. ಅದಕ್ಕೆ ಒಂದು ಸುಲಭದ ಅಳತೆ ಸಾಕು: ನಮ್ಮ ನೆರಳು ನಮಗಿಂತ ಗಿಡ್ಡವಾಗಿದ್ದರೆ ಕಿರಣಗಳು ತೀವ್ರವಾಗಿವೆ ಎಂದರ್ಥ. ಬೇಸಿಗೆಯಿಂದ ಶ್ರಾವಣದವರೆಗೆ ಬೆಂಗಳೂರಿನಲ್ಲಿ ಅದು ಸುಮಾರು ಒಂಬತ್ತೂವರೆಯಿಂದ ಮೂರೂಕಾಲರ ತನಕದ ಹೊತ್ತು. ಗಡಿಯಾರದ ಹನ್ನೆರಡು ನಮ್ಮ ನಿಜವಾದ ನಡುಹಗಲಲ್ಲ. ಸೂರ್ಯ ಇಲ್ಲಿ ಅತಿ ಎತ್ತರಕ್ಕೇರುವುದು ಹನ್ನೆರಡು ದಾಟಿ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ.

ಸನ್‌ಸ್ಕ್ರೀನ್ ಬಂದದ್ದು ಇವೆಲ್ಲದರ ನಂತರ. ಅದರ ಡಬ್ಬಿಯ ಮೇಲಿನ ಎಸ್‌ಪಿಎಫ್ ಎಂಬ ಅಂಕಿ ಮುಖ್ಯವಾಗಿ ಯುವಿ-ಬಿಯಿಂದಾಗುವ ಸುಡುವಿಕೆಯ ಲೆಕ್ಕ. 30ರದ್ದು ಸುಮಾರು ಶೇಕಡಾ 97ರಷ್ಟನ್ನೂ 50ರದ್ದು ಸುಮಾರು 98ರಷ್ಟನ್ನೂ ತಡೆಯುತ್ತವೆ. ಅಂಕಿ ಏರಿದಂತೆ ಸಿಗುವ ಲಾಭ ಅಷ್ಟೇನೂ ಏರುವುದಿಲ್ಲ. ಯುವಿ-ಎ ರಕ್ಷಣೆಗೆ ಡಬ್ಬಿಯ ಮೇಲಿನ ಪಿಎ ಗುರುತಿನ ಮುಂದೆ ಎಷ್ಟು ಪ್ಲಸ್‌ಗಳಿವೆ ಎಂದು ನೋಡಬೇಕು. ಆದರೆ ಪ್ರಯೋಗಾಲಯದಲ್ಲಿ ಈ ಅಂಕಿಗಳು ಸಿಗುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ. ಮುಖಕ್ಕೂ ಕುತ್ತಿಗೆಗೂ ಸೇರಿ ಅದು ಸುಮಾರು ಒಂದೂಕಾಲು ಗ್ರಾಂ, ಅಂದರೆ ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಹಿಂಡಿದ ಎರಡು ಗೆರೆ. ಜನ ಸಾಮಾನ್ಯವಾಗಿ ಹಚ್ಚುವುದು ಅದರ ಅರ್ಧ ಅಥವಾ ಕಾಲುಭಾಗ. ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ದಿನಕ್ಕೆ ಎರಡೇ ಸಲ ಎಂದುಕೊಂಡರೂ 50 ಗ್ರಾಮಿನ ಟ್ಯೂಬು ಇಪ್ಪತ್ತು ದಿನಕ್ಕೆ ಮುಗಿಯುತ್ತದೆ. ಮೊಳದ ಲೆಕ್ಕದಲ್ಲಿ ಹೂವು ಮಾರಿ ಮನೆ ನಡೆಸುವವರಿಗೆ ಇದು ಸಣ್ಣ ಖರ್ಚಲ್ಲ. ಈ ಲೆಕ್ಕವನ್ನು ವೈದ್ಯರು ರೋಗಿಯ ಎದುರಿಗೇ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮಾಡದಿದ್ದರೆ ರೋಗಿ ಮನೆಯಲ್ಲಿ ಅದನ್ನೇ ಮಾಡಿ, ಬಟಾಣಿಯಷ್ಟು ಹಚ್ಚಿ, ಗುಣ ಕಾಣಲಿಲ್ಲವೆಂದು ಬಿಡುತ್ತಾರೆ.

ಮೊದಲು ಬರೆದ ಜಿಂಕ್ ಆಕ್ಸೈಡ್ ಸನ್‌ಸ್ಕ್ರೀನನ್ನು ಅವರು ಒಂದೇ ವಾರಕ್ಕೆ ಬಿಟ್ಟರು. ಕಂದು ಮುಖದ ಮೇಲೆ ಅದು ಬೂದಿ ಬಳಿದಂತೆ ಕಾಣುತ್ತಿತ್ತು, ಗಿರಾಕಿಗಳು ಏನಾಯಿತೆಂದು ಕೇಳುತ್ತಿದ್ದರು. ಬದಲಿಗೆ ಐರನ್ ಆಕ್ಸೈಡ್ ಸೇರಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಕೊಟ್ಟೆ. ಕಣ್ಣಿಗೆ ಕಾಣುವ ಬೆಳಕಿನ ನೀಲಿ ಭಾಗವನ್ನು ಸಾಮಾನ್ಯ ಸನ್‌ಸ್ಕ್ರೀನ್ ಸರಿಯಾಗಿ ತಡೆಯುವುದಿಲ್ಲ, ಈ ಬಣ್ಣದ್ದು ತಡೆಯುತ್ತದೆ. ಆದ್ದರಿಂದ ಬಂಗಿರುವವರಿಗೆ ಇದು ಬರಿಯ ಅಂದದ ವಿಷಯವಲ್ಲ. ಖರ್ಚಿನ ಕಾರಣಕ್ಕೆ ಅದನ್ನು ಏಪ್ರಿಲ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಪೂರ್ಣ ಪ್ರಮಾಣದಲ್ಲಿ ಹಚ್ಚುವುದು, ಗೋಡೆಯ ನೆರಳಿರುವ ತಿಂಗಳುಗಳಲ್ಲಿ ಕೆನ್ನೆ, ಹಣೆ, ಮೇಲ್ದುಟಿಗಳಿಗೆ ಬೆಳಿಗ್ಗೆ ಒಂದು ಸಲ ಹಚ್ಚುವುದು ಎಂದು ನಿರ್ಧರಿಸಿದೆವು. ಪಠ್ಯಪುಸ್ತಕ ವರ್ಷವಿಡೀ ಎನ್ನುತ್ತದೆ, ಅದು ಸರಿಯೂ ಹೌದು. ಕೊಳ್ಳಲಾಗದ ಪರಿಪೂರ್ಣ ಸಲಹೆಗಿಂತ ನಡೆಸಬಹುದಾದ ಸಲಹೆಯನ್ನು ನಾನು ಆರಿಸಿಕೊಂಡೆ.

ಜೊತೆಗೆ ಬರುತ್ತಿದ್ದ ಮಗಳು ಎರಡು ಪ್ರಶ್ನೆ ಕೇಳಿದರು. ಒಂದು, ಇದರಿಂದ ಅಮ್ಮನಿಗೆ ಚರ್ಮದ ಕ್ಯಾನ್ಸರ್ ಬರುವುದೇ ಎಂಬುದು. ಬಂಗು ಕ್ಯಾನ್ಸರ್ ಅಲ್ಲ, ಅದಕ್ಕೆ ತಿರುಗುವುದೂ ಇಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವ ನಮ್ಮಲ್ಲಿ ಬಿಸಿಲಿನಿಂದ ಬರುವ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ. ನಮ್ಮಲ್ಲಿ ಅಪರೂಪಕ್ಕೆ ಬರುವ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಕಾಣಿಸುತ್ತದೆ, ಅದಕ್ಕೆ ಬಿಸಿಲು ಮುಖ್ಯ ಕಾರಣವಲ್ಲ. ಇನ್ನೊಂದು, ನೆರಳಲ್ಲೇ ಕೂತರೆ ವಿಟಮಿನ್ ಡಿ ಕಡಿಮೆಯಾಗದೇ ಎಂಬುದು. ಮುಂಗೈಗಳು ತೆರೆದೇ ಇರುತ್ತವೆ, ದಿನನಿತ್ಯದ ಬಳಕೆಯಲ್ಲಿ ಸನ್‌ಸ್ಕ್ರೀನ್‌ನಿಂದ ಕೊರತೆಯಾಗುವುದು ವಿರಳ, ಕೊರತೆಯಿದ್ದರೆ ಮಾತ್ರೆ ಇದೆ. ಅದಕ್ಕಾಗಿ ಬಂಗಿರುವ ಮುಖವನ್ನು ಬಿಸಿಲಿಗೊಡ್ಡಬೇಕಿಲ್ಲ. ಮಗಳು ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುತ್ತಾರೆ, ಅವರ ಕೈಗಳ ಹಿಂಭಾಗ ಆಗಲೇ ಕಪ್ಪಾಗಿತ್ತು. ಹೆಲ್ಮೆಟಿನ ಗಾಜನ್ನು ಇಳಿಸಿಕೊಂಡು ಓಡಿಸಲು, ಕೈಗವಸು ಹಾಕಲು ಹೇಳಿದೆ.

ಮುಂದಿನ ಏಪ್ರಿಲ್‌ವರೆಗೆ ಸುಧಾರಣೆ ನಿಧಾನವಾಗಿ ಆದರೆ ಸ್ಪಷ್ಟವಾಗಿ ನಡೆಯಿತು. ಕೆಂಪು ಹೋಯಿತು, ಎಡಗೆನ್ನೆಯ ಕಲೆ ಬಹುಮಟ್ಟಿಗೆ ಮಾಸಿತು, ಬಲಗೆನ್ನೆಯದು ತಿಳಿಯಾಯಿತು. ನಿಜವಾದ ಪರೀಕ್ಷೆ ಜೂನ್, ಜುಲೈನಲ್ಲಿತ್ತು. ಆ ತಿಂಗಳುಗಳು ಕಲೆ ಹೆಚ್ಚದೆ ಕಳೆದವು, ಬಂಗು ಮರಳಿದ ಮೇಲೆ ಹಾಗಾದದ್ದು ಅದೇ ಮೊದಲೆಂದು ಅವರು ಹೇಳಿದರು. ಹಿನ್ನಡೆಯಾದದ್ದು ವರಮಹಾಲಕ್ಷ್ಮಿ ಹಬ್ಬದ ಹೊತ್ತಿನಲ್ಲಿ. ಆ ದಿನಗಳಲ್ಲಿ ವ್ಯಾಪಾರ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತದೆ, ರಸ್ತೆಯವರೆಗೆ ಹೂವಿನ ರಾಶಿ ಹಾಕಲು ನೆಟ್ ಬಿಚ್ಚಬೇಕಾಗುತ್ತದೆ, ಮತ್ತೆ ಸನ್‌ಸ್ಕ್ರೀನ್ ಹಚ್ಚಲು ಕೈ ಬಿಡುವಿರುವುದಿಲ್ಲ. ವರ್ಷದ ಆದಾಯದ ದೊಡ್ಡ ಪಾಲು ಬರುವ ಆ ದಿನಗಳಲ್ಲಿ ವ್ಯಾಪಾರ ಬಿಡಿ ಎಂದು ಹೇಳುವ ಹಕ್ಕು ನನಗಿಲ್ಲ. ಮೂರ್ನಾಲ್ಕು ದಿನಗಳ ಆ ಬಿಸಿಲಿಗೆ ಕಲೆ ಮತ್ತೆ ತುಸು ದಟ್ಟವಾಯಿತು, ಈ ಸಲ ಎರಡೂ ಕೆನ್ನೆಗಳಲ್ಲಿ ಸಮವಾಗಿ. ಸಂಜೆಯ ಬಿಸಿಲು ಎಡಗಡೆಯಿಂದಲೂ ಬಿದ್ದಿತ್ತು. ಮುಂದಿನ ಹಬ್ಬಕ್ಕೆ ಎಡಗಡೆಗೂ ಒಂದು ಕೋಲು ನೆಟ್ಟು ನೆಟ್ ಕಟ್ಟುವುದೆಂದೂ, ಮಧ್ಯಾಹ್ನ ಮಗಳು ಬಂದು ಅರ್ಧ ಗಂಟೆ ಅಂಗಡಿ ನೋಡಿಕೊಂಡು ಅಮ್ಮ ಮುಖ ತೊಳೆದು ಮತ್ತೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುವುದೆಂದೂ ಅವರಿಬ್ಬರೇ ಮಾತಾಡಿಕೊಂಡು ನನಗೆ ತಿಳಿಸಿದರು. ಅಜೆಲಾಯಿಕ್ ಆಮ್ಲದ ಕ್ರೀಮು ಮುಂದುವರಿದಿದೆ. ಗೋಡೆಯ ನೆರಳು ಮರಳಿರುವ ಅಕ್ಟೋಬರಿನಲ್ಲಿ ಮತ್ತೆ ನೋಡಿ, ಅದನ್ನು ದಿನ ಬಿಟ್ಟು ದಿನಕ್ಕೆ ಇಳಿಸಬಹುದೇ ಎಂದು ತೀರ್ಮಾನಿಸಲಿದ್ದೇನೆ.